ಸ್ಪೈಡರ್‌ಮ್ಯಾನ್ ಪಹಣಿ ಯಾರ ಹೆಸರಲ್ಲಿದೆ?

ಸ್ಪೈಡರ್‌ಮ್ಯಾನ್ ಎಂಥ ಗೋಡೆಯನ್ನಾದರೂ ಹತ್ತುತ್ತಾನೆ. ಆದರೆ ಪಕ್ಕದ ಕಂಪನಿಯ ಸಿನಿಮಾದೊಳಗೆ ಕಾಲಿಡಬೇಕಾದರೆ ಲಾಯರು ಒಪ್ಪಬೇಕು. ಜಗತ್ತು ಮುಳುಗುತ್ತಿದ್ದರೂ ಅಷ್ಟೇ. ಮೊದಲು ಅಗ್ರಿಮೆಂಟು, ಆಮೇಲೆ ಜಗತ್ತು.

ಮೈಸೂರಿನ ಮಾಲ್‌ಗಳಲ್ಲಿ ಇಂಥ ಸಿನಿಮಾ ನೋಡಿ ಬಂದ ಹುಡುಗರು ಇದಕ್ಕೆಲ್ಲ ‘ಮಲ್ಟಿವರ್ಸ್’ ಅಂತಾರೆ, ಅಂದರೆ ಒಂದರ ಪಕ್ಕ ಒಂದು ಹಲವು ಜಗತ್ತುಗಳು. ಮಂಡ್ಯದ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂರುವ ಪತ್ರ ಬರಹಗಾರರೊಬ್ಬರಿಗೆ ಕಥೆ ಹೇಳಿದೆ. ಟೀ ಆರುವುದರೊಳಗೆ ಅರ್ಥವಾಯಿತು ಅವರಿಗೆ. “ಇದೇನ್ ಸಾ, ಪಾಲಾಗಿರೋ ಜಮೀನು ಅಷ್ಟೇಯ!”

ಹೌದಲ್ವಾ? ಸ್ಪೈಡರ್‌ಮ್ಯಾನ್ ಹುಟ್ಟಿದ ಮಾರ್ವೆಲ್ ಎಂಬ ಕಾಮಿಕ್ಸ್ ಮನೆತನ 1996ರಲ್ಲಿ ದಿವಾಳಿ ಎದ್ದಿತು. ಅದರ ಹಿಂದೆ ಮುಂದಿನ ಕಷ್ಟದ ವರ್ಷಗಳಲ್ಲಿ ತನ್ನ ವೀರರ ಸಿನಿಮಾ ಹಕ್ಕುಗಳನ್ನು ಬೇರೆ ಸಿನಿಮಾ ಕಂಪನಿಗಳಿಗೆ ಗುಂಟೆ ಲೆಕ್ಕದಲ್ಲಿ ಮಾರಿಕೊಂಡಿತು. ಎಕ್ಸ್-ಮೆನ್ ಫಾಕ್ಸ್‌ಗೆ ಹೋಯಿತು, ಸ್ಪೈಡರ್‌ಮ್ಯಾನ್ ಸೋನಿಗೆ. 2005ರಲ್ಲಿ ಕ್ಯಾಪ್ಟನ್ ಅಮೆರಿಕ ಸೇರಿ 10 ಪಾತ್ರಗಳ ಹಕ್ಕನ್ನು ಅಡ ಇಟ್ಟು, ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆಯ ಮೂಲಕ 52.5 ಕೋಟಿ ಡಾಲರ್ ಸಾಲ ಎತ್ತಿದರು. ನಮ್ಮಲ್ಲಿ ಮಗಳ ಮದುವೆಗೆ ಗದ್ದೆ ಇಡ್ತಾರೆ. ಅಲ್ಲಿ ಗುರಾಣಿ ಸಮೇತ ವೀರನನ್ನೇ ಇಟ್ಟರು. ಸಿನಿಮಾ ಮಲಗಿದ್ದರೆ ಅವನೇ ಜಪ್ತಿ! ಪುಣ್ಯಕ್ಕೆ 2008ರಲ್ಲಿ ‘ಐರನ್ ಮ್ಯಾನ್’ ಓಡಿತು. ಮರುವರ್ಷ ಡಿಸ್ನಿ ಇಡೀ ಮನೆತನವನ್ನೇ ಸುಮಾರು 400 ಕೋಟಿ ಡಾಲರಿಗೆ ಖರೀದಿಸುವ ಮಾತಾಡಿತು.

ಮನೆ ಕೊಂಡರೂ ಸ್ಪೈಡರ್‌ಮ್ಯಾನ್ ಬರಲಿಲ್ಲ. ಪಹಣಿ ಸೋನಿ ಹೆಸರಲ್ಲಿತ್ತು. 2015ರಲ್ಲಿ ಇಬ್ಬರೂ ಕೂತು ರಾಜಿಯಾದರು. 2019ರ ಆಗಸ್ಟ್‌ನಲ್ಲಿ ಜಗಳ, ಮುಂದಿನ ತಿಂಗಳು ಮತ್ತೆ ರಾಜಿ. ನಡುವೆ ಅಭಿಮಾನಿಗಳು ಕಣ್ಣೀರು ಹಾಕಿದರು. ಎರಡು ಕಂಪನಿಗಳ ಬದುವಿನ ತಕರಾರಿಗೆ ಊರಿಗೂರೇ ಅತ್ತಿದ್ದನ್ನು ಮಂಡ್ಯ ಜಿಲ್ಲೆ ಕೂಡ ಕಂಡಿಲ್ಲ.

ಸೋನಿಯೂ ಸುಮ್ನೆ ಕೂರುವಂತಿಲ್ಲ. ಹೇಳಿದ ಅವಧಿಯೊಳಗೆ ಸಿನಿಮಾ ಬರದಿದ್ದರೆ ಹಕ್ಕು ವಾಪಸ್. ಹಾಗಾಗಿ ಹೊಸ ಹುಡುಗನನ್ನು ಹುಡುಕು, ಮತ್ತೆ ಮೊದಲಿಂದ ಶುರು ಮಾಡು. ಮಾರ್ವೆಲ್‌ನದೇ ಇನ್ನೊಂದು ವೀರರ ತಂಡ ‘ಫೆಂಟಾಸ್ಟಿಕ್ ಫೋರ್’ ಹಕ್ಕು ಕೈತಪ್ಪಬಾರದು ಅಂತ ಅದನ್ನು ಕೊಂಡಿದ್ದ ಬೇರೊಂದು ಕಂಪನಿಯವರು 1990ರ ದಶಕದಲ್ಲಿ ಕಡಿಮೆ ದುಡ್ಡಿಗೆ ಒಂದು ಸಿನಿಮಾ ತೆಗೆದರು. ಅದನ್ನು ಬಿಡುಗಡೆಯೇ ಮಾಡಲಿಲ್ಲ. “ಬೆಳೆಗಲ್ಲ ಸಾ, ಸಾಗುವಳಿ ಮಾಡ್ತಾವ್ರೆ ಅಂತ ತೋರ್ಸಕ್ಕೆ,” ಅಂದರು ಬರಹಗಾರರು.

ಪ್ರೇಕ್ಷಕರದ್ದು ಇನ್ನೂ ಚಂದ. ಸಿನಿಮಾ ಮುಗಿದ ಮೇಲೂ ಏಳುವುದಿಲ್ಲ. ದುಡಿದವರ ಹೆಸರುಗಳು ಹರಿದು ಹೋಗುತ್ತವೆ, ಒಬ್ಬರೂ ಓದುವುದಿಲ್ಲ. ಎಲ್ಲರೂ ಕಾಯುವುದು ಕೊನೆಯ ತುಣುಕಿಗೆ, ಅಂದರೆ ಮುಂದಿನ ಸಿನಿಮಾದ ಜಾಹೀರಾತಿಗೆ. ಟಿಕೆಟ್ ಕೊಂಡು ಜಾಹೀರಾತು ನೋಡುವ ಇವರು ಎದ್ದರೆ ಸಾಕು ಅಂತ ಪೊರಕೆ ಹಿಡಿದ ಹೆಂಗಸರು ಬಾಗಿಲಲ್ಲಿ ನಿಂತಿರುತ್ತಾರೆ.

ಇಷ್ಟಕ್ಕೂ ಮೂಲ ಹಿಡುವಳಿದಾರರಿಗೆ ಸಿಕ್ಕಿದ್ದೆಷ್ಟು? ಮಾರ್ವೆಲ್‌ನ ಎದುರು ಮನೆ ಡಿಸಿ ಕಾಮಿಕ್ಸ್‌ನ ಕಥೆ ಕೇಳಿ. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಹುಡುಗರು 1938ರಲ್ಲಿ ಹಕ್ಕು ಬರೆದುಕೊಟ್ಟಿದ್ದು 130 ಡಾಲರಿಗೆ. ಇಬ್ಬರಿಗೂ ಸೇರಿ.

“ಹೆಬ್ಬೆಟ್ಟು ಒತ್ಸ್ಕಂಡ್ರಾ?”

“ಇಲ್ಲ, ಸಹಿ ಹಾಕಿದ್ದಾರೆ. ಓದು ಬರಹ ಬಲ್ಲವರು.”

“ಅಯ್ಯೋ ಪಾಪ.”

ಆ ಮೊದಲ ಕಥೆಯ ಹಕ್ಕು 2034ರ ಜನವರಿ 1ಕ್ಕೆ ಅಮೆರಿಕದಲ್ಲಿ ಮುಗಿಯುತ್ತದೆ, ಆಮೇಲೆ ಅಲ್ಲಿ ಯಾರು ಬೇಕಾದರೂ ಬಳಸಬಹುದು ಅಂದೆ. ಬರಹಗಾರರು ಡ್ರಾಯರ್ ಎಳೆದರು.

“ಗೋಮಾಳ ಅನ್ನಿ. ಈಗ್ಲೇ ಒಂದು ಬಗರ್‌ಹುಕುಂ ಅರ್ಜಿ ಬರೀಲಾ ಸಾ?”