ಗಂಟಿನ ಗೊಡವೆ

ಜಪಾನಿನ ಕಾರ್ಟೂನುಗಳಲ್ಲಿ ಕಳ್ಳನನ್ನು ಗುರುತಿಸುವುದು ಸುಲಭ. ಅವನ ಬೆನ್ನ ಮೇಲೊಂದು ದೊಡ್ಡ ಗಂಟು ಇರುತ್ತದೆ. ಗಂಟಿನ ಬಟ್ಟೆ ಹಸಿರು, ಅದರ ತುಂಬ ಬಿಳಿ ಬಳ್ಳಿಯ ಸುರುಳಿ. ನಾಗೊಯಾಕ್ಕೆ ಬಂದ ಹೊಸದರಲ್ಲಿ ಟಿವಿಯಲ್ಲಿ ಇವನನ್ನು ನೋಡಿ ನಾನೊಬ್ಬಳೇ ಕೂತು ನಕ್ಕಿದ್ದೆ. ಜಪಾನಿ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಅವನ ಹೆಸರು ನನಗೆ ಗೊತ್ತಿತ್ತು. ಗಂಟುಕಳ್ಳ!

ಆ ಬಟ್ಟೆಗೆ ಇಲ್ಲಿ ಫುರೊಶಿಕಿ ಅನ್ನುತ್ತಾರೆ. ಫುರೊ ಅಂದರೆ ಸ್ನಾನ, ಶಿಕಿ ಅಂದರೆ ಹಾಸು. ಹಿಂದೆ ಊರ ಸ್ನಾನದ ಮನೆಗೆ ಹೋದವರು ಕಳಚಿದ ಬಟ್ಟೆಯನ್ನು ಇದರಲ್ಲಿ ಕಟ್ಟಿಡುತ್ತಿದ್ದರು. ಹಸಿರು ಬಳ್ಳಿಯ ದೊಡ್ಡ ಫುರೊಶಿಕಿ ಒಂದು ಕಾಲಕ್ಕೆ ಮನೆಮನೆಯಲ್ಲೂ ಇತ್ತಂತೆ. ಹಾಗಾಗಿ ಕಳ್ಳ ಬರಿಗೈಲಿ ಬರುತ್ತಿದ್ದ, ಆ ಮನೆಯ ಬಟ್ಟೆಯಲ್ಲೇ ಆ ಮನೆಯ ಸಾಮಾನು ಕಟ್ಟಿಕೊಂಡು ಹೋಗುತ್ತಿದ್ದ ಅಂತ ಹೇಳುತ್ತಾರೆ. ಕಳ್ಳತನದಲ್ಲೂ ಎಂಥ ಅಚ್ಚುಕಟ್ಟು!

ನಾನು ಬಟ್ಟೆಯ ಕೆಲಸದವಳು. ನೇಯುತ್ತೇನೆ, ಬಣ್ಣ ಹಾಕುತ್ತೇನೆ. ವೀಸಾ ಅರ್ಜಿಯಲ್ಲಿ ‘ಜವಳಿ ಕಲಾವಿದೆ’ ಅಂತ ಬರೆಯಬೇಕಾಗುತ್ತದೆ. ಮ್ಯೂಸಿಯಮ್ಮಿಗೆ ಹೋದಾಗ ಗಾಜಿನೊಳಗಿನ ಕಿಮೊನೊ ನೋಡಿ ಆಹಾ ಅನ್ನುವುದು ನನ್ನ ಕೆಲಸದ ಭಾಗ. ಅನ್ನುತ್ತೇನೆ. ಆದರೆ ಕಣ್ಣು ನಿಜವಾಗಿ ನಿಲ್ಲುವುದು ರೈಲಿನಲ್ಲಿ ಎದುರು ಕೂತ ಅಜ್ಜಿಯ ತೊಡೆಯ ಮೇಲೆ. ಅಲ್ಲೊಂದು ಗಂಟು ಇರುತ್ತದೆ. ಒಳಗಿರುವುದು ಚೌಕದ ಡಬ್ಬಿ ಅಂತ ಹೊರಗಿನಿಂದಲೇ ತಿಳಿಯುತ್ತದೆ. ಮೇಲೆ ಎರಡು ತುದಿ ಮೊಲದ ಕಿವಿಯ ಹಾಗೆ ನಿಂತಿರುತ್ತವೆ. ನನ್ನ ಸ್ಟೇಷನ್ ದಾಟಿ ಹೋದದ್ದೂ ಉಂಟು.

ನಮ್ಮ ಭಾಷೆಯಲ್ಲಿ ಪಾಪ ಗಂಟಿಗೆ ಒಳ್ಳೆ ಹೆಸರಿಲ್ಲ. ಸಿಟ್ಟು ಬಂದರೆ ಮುಖ ಗಂಟಾಗುತ್ತದೆ. ಬೇಡದವರು ಬೆನ್ನು ಹತ್ತಿದರೆ ‘ಗಂಟು ಬಿದ್ದರು’ ಅನ್ನುತ್ತೇವೆ. ಬಗೆಹರಿಯದ ವಿಷಯ ಕಗ್ಗಂಟು. ಮದುವೆ ಬ್ರಹ್ಮಗಂಟು, ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ. ದುಡ್ಡಿನ ಗಂಟಿಗೆ ಮಾತ್ರ ಒಂದಿಷ್ಟು ಮರ್ಯಾದೆ. ಅದೂ ‘ನಿಮ್ಮಪ್ಪನ ಗಂಟೇನು ಹೋಗ್ತದ’ ಅನ್ನೋ ಜಗಳದಲ್ಲಿ.

ಬಾಗಲಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು. ಹಳೆ ಧೋತರದ ತುಂಡು ಹಾಸಿ, ಜೋಳದ ರೊಟ್ಟಿ, ಅದರ ಮೇಲೆ ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ನಾಲ್ಕು ಮೂಲೆ ಎತ್ತಿ ಒಂದು ಗಂಟು, ಮೇಲೆ ಇನ್ನೊಂದು. ಅವಳ ಇಳಕಲ್ ಸೀರೆಯ ಸೆರಗಿನ ತುದಿಯಲ್ಲಿ ಬೇರೆಯೇ ಒಂದು ಸಣ್ಣ ಗಂಟಿತ್ತು. ಅದರಲ್ಲಿ ಅಡಿಕೆ ಚೂರು, ಚಿಲ್ಲರೆ ದುಡ್ಡು. ಕಾಲೇಜಿಗೆ ಹೊರಟಾಗ ಉಂಡೆ, ಚಕ್ಕುಲಿಯನ್ನೆಲ್ಲ ಹೀಗೇ ಗಂಟು ಕಟ್ಟಿಕೊಟ್ಟಳು. ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಹಿಡಿದು ನಿಲ್ಲಲು ನನಗೆ ನಾಚಿಕೆಯಾಯ್ತು. ಪ್ಲಾಸ್ಟಿಕ್ ಚೀಲದೊಳಗೆ ತುರುಕಿದೆ. ಈಗ ಅದೇ ನಾನು, ಗಂಟು ಕಟ್ಟುವುದನ್ನು ಕಲಿಯಲು ವಿಮಾನ ಹತ್ತಿ ಬಂದಿದ್ದೇನೆ. ಅಜ್ಜಿ ಇದ್ದಿದ್ದರೆ ಬೈಯುತ್ತಿರಲಿಲ್ಲ, ನಕ್ಕುಬಿಡುತ್ತಿದ್ದಳು. ಅದು ಇನ್ನೂ ಕಷ್ಟ.

ಮೊದಲ ಪಾಠ ಹೇಳಿದ್ದು ಪಕ್ಕದ ಮನೆಯ ಹಿರಿಯರು. ನಾನು ಕಟ್ಟಿದ ಗಂಟು ನೋಡಿ ಅವರು ಏನೂ ಅನ್ನಲಿಲ್ಲ. ಸುಮ್ನೆ ಬಿಚ್ಚಿದರು. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಅದೇ ಟೀಕೆ. ನಾನು ಎರಡು ಸಲವೂ ಒಂದೇ ಕಡೆಯ ತುದಿಯನ್ನು ಮೇಲೆ ತಂದಿದ್ದೆ. ಹಾಗೆ ಮಾಡಿದರೆ ಕಿವಿಗಳು ಅಡ್ಡ ಮಲಗುವ ಬದಲು ಮೇಲಕ್ಕೊಂದು ಕೆಳಕ್ಕೊಂದು ತಿರುಗುತ್ತವೆ. ಗಂಟು ಜಾರಿದರೂ ಜಾರೀತು, ಬಿಗಿದರೂ ಬಿಗಿದೀತು. ಮೊದಲ ಸಲ ಎಡಗಡೆಯದು ಮೇಲೆ ಬಂದರೆ ಅದು ಬಲಕ್ಕೆ ದಾಟಿರುತ್ತದೆ, ಎರಡನೆಯ ಸಲ ಬಲಗಡೆಯಿಂದ ಅದೇ ತುದಿ ಮೇಲಿರಬೇಕು. ಇದು ಮಾ-ಮುಸುಬಿ. ಎಷ್ಟೇ ಭಾರ ಹೊತ್ತರೂ ಜಗ್ಗುವುದಿಲ್ಲ. ಬಿಚ್ಚುವಾಗ ಉಗುರು, ಹಲ್ಲು ಏನೂ ಬೇಡ. ಒಂದು ಕಡೆಯ ತುದಿಯನ್ನೂ ಅದರದೇ ಬುಡವನ್ನೂ ಹಿಡಿದು ಎದುರುಬದುರು ನೆಟ್ಟಗೆ ಎಳೆಯಬೇಕು. ಗಂಟು ಬಳೆಯ ಹಾಗಾಗಿ ಜಾರಿ ಬಂದುಬಿಡುತ್ತದೆ. ಮುಸುಬಿ ಅಂದರೆ ಗಂಟು. ಅನ್ನದ ಉಂಡೆಗೂ ಇಲ್ಲಿ ಒಮುಸುಬಿ ಅನ್ನುತ್ತಾರೆ. ಬುತ್ತಿಗೂ ಗಂಟಿಗೂ ಇಲ್ಲೂ ನಂಟು!

ಎರಡನೆಯ ಪಾಠ ಅರಿಮಾತ್ಸುವಿನಲ್ಲಿ. ನಾಗೊಯಾದ ಅಂಚಿನ ಊರದು. ಹಳೆಯ ತೊಕಾಯ್ದೊ ಹೆದ್ದಾರಿಯ ಮೇಲೆ 1608ರಲ್ಲಿ ಎಂಟು ಮನೆಯವರನ್ನು ತಂದು ನೆಲೆಗೊಳಿಸಿದರು. ಬೇಸಾಯಕ್ಕೆ ಅಲ್ಲಿ ನೆಲ ಒದಗಲಿಲ್ಲ. ದಾರಿಹೋಕರಂತೂ ಬೇಕಾದಷ್ಟು. ಅವರಿಗೆ ಹತ್ತಿಯ ಕೈವಸ್ತ್ರವನ್ನು ಗಂಟು ಕಟ್ಟಿ, ನೀಲಿಯಲ್ಲಿ ಅದ್ದಿ ಮಾರತೊಡಗಿದರು. ಇದೇ ಶಿಬೊರಿ. ನಮ್ಮ ಗುಜರಾತ್, ರಾಜಸ್ಥಾನದ ಬಾಂಧನಿಯ ದೂರದ ದಾಯಾದಿ ಅನ್ನಬಹುದು. ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ, ಅಲ್ಲಿ ಬಿಳಿ ಚುಕ್ಕಿ ಉಳಿಯುತ್ತದೆ. ಜಿಂಕೆಮರಿಯ ಬೆನ್ನಿನ ಹಾಗೆ ಕಾಣುವ ಕಾನೊಕೊ ಅಂತೂ ಹಟದ ಕೆಲಸ. ಮೈತುಂಬ ಚುಕ್ಕಿ ತುಂಬಿದ ಒಂದು ರೇಷ್ಮೆ ಕಿಮೊನೊಗೆ ಗಂಟಿನ ಲೆಕ್ಕ ಲಕ್ಷ ದಾಟುತ್ತದೆ. ಎಣಿಸುತ್ತ ಕೂತವರು ಯಾರೋ.

ನಾನು ಕಲಿಯಲು ಹೊರಟದ್ದು ಮಿಉರಾ ಎಂಬ ಬಗೆ. ಬಟ್ಟೆಯನ್ನು ಕೊಕ್ಕೆಯಿಂದ ಚುಚ್ಚಿ ಎತ್ತಿ, ದಾರವನ್ನು ಸುತ್ತಿ, ಮುಂದಿನ ಚುಕ್ಕಿಗೆ ಹೋಗುವುದು. ಗಂಟೇ ಹಾಕುವುದಿಲ್ಲ! ದಾರದ ಬಿಗಿತವೊಂದೇ ಹಿಡಿದಿರುತ್ತದೆ. ನನಗೆ ನಂಬಿಕೆ ಬರಲಿಲ್ಲ. ಕಲಿಸುವವರು ಆಚೆ ತಿರುಗಿದಾಗ ನಾಲ್ಕೈದು ಕಡೆ ಗಟ್ಟಿಯಾಗಿ ಗಂಟು ಬಿಗಿದೆ. ಬಣ್ಣವಾಯ್ತು, ಒಣಗಿತು, ಬಿಚ್ಚುವ ಹೊತ್ತು ಬಂತು. ಉಳಿದ ಕಡೆ ದಾರ ಎಳೆದರೆ ಸರಸರ ಬಿಟ್ಟುಕೊಂಡಿತು. ನನ್ನ ಗಂಟುಗಳು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕತ್ತರಿ ಹಾಕಿದೆ. ಬಟ್ಟೆಗೂ ಹಾಕಿದೆ. ತೂತು. ಅಷ್ಟಕ್ಕೇ ಬಿಡಬಹುದಿತ್ತು. ಮನೆಗೆ ತಂದು, ಸುಕ್ಕು ಹೋಗಲಿ ಅಂತ ಚೆನ್ನಾಗಿ ಇಸ್ತ್ರಿಯನ್ನೂ ಮಾಡಿದೆ. ಶಿಬೊರಿಯ ಅಂದವೇ ಆ ಉಬ್ಬುಗಳು. ಮರುದಿನ ಒಯ್ದು ತೋರಿಸಿದಾಗ ಅಲ್ಲಿ ಕಂಡದ್ದು, ಗಡಿ ಭಾಷೆ ಎಲ್ಲ ದಾಟಿದ ಅಪ್ಪಟ ಗಂಟು ಮುಖ.

ನಾಚಿಕೆಯ ಮಾತೆಂದರೆ, ಈ ಪಾಠ ನನಗೆ ಹತ್ತನೇ ವಯಸ್ಸಿಗೇ ಆಗಿತ್ತು. ಅಜ್ಜಿ ಕಸೂತಿ ಕಲಿಸುವಾಗ ದಾರಕ್ಕೆ ಗಂಟು ಹಾಕಲು ಬಿಡುತ್ತಿರಲಿಲ್ಲ. ಗವಂತಿ ಹೊಲಿಗೆಗೆ ಆ ಹೆಸರು ಬಂದದ್ದೇ ಗಂಟು ಎಂಬ ಮಾತಿನಿಂದ ಅನ್ನುತ್ತಾರೆ. ಆದರೆ ಅದರಲ್ಲಿ ಒಂದೂ ಗಂಟಿಲ್ಲ. ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣಬೇಕು. ನಾನು ಕದ್ದು ಗಂಟು ಹಾಕಿದರೆ ಅವಳು ಹಿಂದೆ ತಿರುಗಿಸಿ ನೋಡುತ್ತಿದ್ದಳು. ‘ಮುಂದ ಯಾರ್ ಬೇಕಾದ್ರೂ ಚಂದ ಮಾಡ್ತಾರವ್ವಾ’ ಅಂದು ಪೂರ್ತಿ ಬಿಚ್ಚಿಸುತ್ತಿದ್ದಳು.

2020ರ ಜುಲೈನಿಂದ ಇಲ್ಲಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ದುಡ್ಡು ಕೊಡಬೇಕು. 2006ರಲ್ಲೇ ಪರಿಸರ ಸಚಿವೆಯಾಗಿದ್ದ ಯುರಿಕೊ ಕೊಯಿಕೆ ಹಳೆ ಪ್ಲಾಸ್ಟಿಕ್ ಬಾಟಲಿಯ ನೂಲಿನಿಂದ ಫುರೊಶಿಕಿ ಮಾಡಿಸಿ, ಮತ್ತೆ ಬಳಸಿ ಅಂತ ಕರೆ ಕೊಟ್ಟಿದ್ದರು. ಒಳ್ಳೆಯದೇ. ಆದರೂ ರೈಲಿನ ಆ ಅಜ್ಜಿ ತೊಡೆಯ ಮೇಲೆ ಗಂಟಿಟ್ಟುಕೊಂಡದ್ದು ಪರಿಸರಕ್ಕಾಗಿ ಅಂತ ನನಗನ್ನಿಸುವುದಿಲ್ಲ. ಡಬ್ಬಿಗೆ ಹಿಡಿಕೆ ಇರಲಿಲ್ಲ, ಕಟ್ಟಿಕೊಂಡರು ಅಷ್ಟೇ.

ಕಳೆದ ತಿಂಗಳು ಊರಿಂದ ಅಮ್ಮ ಶೇಂಗಾ ಉಂಡೆ ಕಳಿಸಿದ್ದಳು. ಒಂದಿಷ್ಟು ಡಬ್ಬಿಗೆ ಹಾಕಿ, ಗುಳೇದಗುಡ್ಡ ಖಣದ ತುಂಡಿನಲ್ಲಿ ಸುತ್ತಿ ಪಕ್ಕದ ಮನೆಗೆ ಕೊಟ್ಟೆ. ಹಿರಿಯರು ಗಂಟನ್ನು ಒಮ್ಮೆ ನೋಡಿದರು. ತುದಿ ಹಿಡಿದು ಎಳೆದರು. ಜಾರಿ ಬಂತು. ಏನೂ ಅನ್ನಲಿಲ್ಲ, ಆದರೆ ನನ್ನ ಕಡೆ ತಲೆ ಬಾಗಿಸಿದರು. ಡಬ್ಬಿಯನ್ನು ಬರಿದೇ ಮರಳಿಸಬಾರದು ಅನ್ನುವುದು ಇಲ್ಲೂ ಇದೆ. ಎರಡು ದಿನ ಬಿಟ್ಟು ಅದೇ ಖಣದ ಗಂಟು ನಮ್ಮ ಬಾಗಿಲಿಗೆ ಬಂತು. ಕಿವಿಗಳು ಎಷ್ಟು ಸರಿಯಾಗಿ ಕೂತಿದ್ದವೆಂದರೆ, ಮುಟ್ಟಲು ಮನಸ್ಸಾಗಲಿಲ್ಲ. ಫೋನಿನಲ್ಲಿ ವಿಡಿಯೊ ಹಾಕಿ ಅಮ್ಮನಿಗೆ ತೋರಿಸುತ್ತ, ಈ ಗಂಟಿನ ವಿಶೇಷ ಏನು ಅಂತ ಶುರು ಮಾಡಿದೆ. ಅಮ್ಮ ಅರ್ಧ ಕೇಳಿದಳು.

‘ಅದಿರ್ಲಿ, ಬಿಚ್ಚು. ಒಳಗ ಏನ್ ಕೊಟ್ಟಾರ ತೋರ್ಸು.’