20 ಬೈ-ಇನ್ ಟೂರ್ನಮೆಂಟಿಗೆ ಸಾಲದು

‘ಚೆನ್ನಾಗಿ ಆಡಬಲ್ಲವರಿಗೆ 20 ಬೈ-ಇನ್‌ನಷ್ಟು ಹಣವಿದ್ದರೆ ಸಾಕು’ ಎಂದು ಪೋಕರ್ ಆಡಲು ಎಷ್ಟು ಹಣ ಕೈಲಿರಬೇಕೆಂಬ ಲೇಖನದಲ್ಲಿ ಬರೆದಿದ್ದೀರಿ (ಬೈ-ಇನ್ ಅಂದರೆ ಒಂದು ಸಲ ಆಟಕ್ಕೆ ಕೂರಲು ಕಟ್ಟುವ ಮೊತ್ತ). ಯಾವಾಗ ಬೇಕಾದರೂ ಎದ್ದು ಹೋಗಬಹುದಾದ, ನೇರ ಹಣದ ಕ್ಯಾಶ್ ಗೇಮ್‌ಗೆ ಈ ಮಾತು ಒಂದು ಮಟ್ಟಿಗೆ ಒಪ್ಪಬಹುದು, ಟೂರ್ನಮೆಂಟಿಗೆ ಖಂಡಿತ ಇಲ್ಲ. ನೂರಾರು ಜನ ಆಡುವ ಕಡೆ ಬಹುಮಾನದ ದೊಡ್ಡ ಪಾಲು ಮೊದಲ ಕೆಲವೇ ಸ್ಥಾನಗಳಿಗೆ ಹೋಗುತ್ತದೆ. ನುರಿತವರೂ ಹೆಚ್ಚಿನ ಸಲ ಬರಿಗೈಲಿ ಏಳುತ್ತಾರೆ. ಅಲ್ಲಿ 100 ಬೈ-ಇನ್ ಕೂಡ ನನಗೆ ಕಡಿಮೆಯೇ ಅನ್ನಿಸುತ್ತದೆ.

ಅದೃಷ್ಟದ ಪಾಲು ಎಷ್ಟೆಂದು ಒಂದು ಲೆಕ್ಕದಿಂದ ನೋಡಿ. ನಿಮ್ಮ ಕೈಲಿ ಎರಡು ಎಕ್ಕ, ಎದುರಾಳಿಯ ಕೈಲಿ ಎರಡು ರಾಜ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಬೀಳುವ ಫ್ಲಾಪ್‌ಗೆ ಮೊದಲೇ ಇಬ್ಬರೂ ಆಲ್-ಇನ್, ಅಂದರೆ ಮುಂದಿರುವ ಹಣವನ್ನೆಲ್ಲ ಪಣಕ್ಕಿಟ್ಟಿದ್ದೀರಿ. ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದು ಅಪರೂಪ. ಆದರೂ ಗೆಲ್ಲುವ ಸಾಧ್ಯತೆ ಸುಮಾರು 82%, ಅಂದರೆ ಐದಾರು ಸಲಕ್ಕೊಮ್ಮೆ ನಿಮ್ಮದೇನೂ ತಪ್ಪಿಲ್ಲದೆ ಮುಂದಿಟ್ಟ ಹಣವೆಲ್ಲ ಹೋಗುತ್ತದೆ. (ಎಕ್ಕದ ಜೋಡಿ ಬರುವುದೇ 221 ಸಲ ಎಲೆ ಹಂಚಿದರೆ ಒಮ್ಮೆ, ಅದಕ್ಕೇ ಸೋತಾಗ ಅಷ್ಟು ಉರಿಯುತ್ತದೆ.) ಹಾಗೆ ಸೋತ ರಾತ್ರಿ ನಾನು ಕಳೆದದ್ದನ್ನು ಬೇಗ ವಾಪಸ್ ಪಡೆಯಲು ಎರಡು ಪಟ್ಟು ದೊಡ್ಡ ಸ್ಟೇಕಿನ, ಅಂದರೆ ಪಣದ, ಟೇಬಲ್‌ಗೆ ಹೋಗಿ ಕೂತೆ. ಮೂರು ತಿಂಗಳು ಜೋಪಾನವಾಗಿ ಕೂಡಿಸಿದ್ದು ಎರಡು ಗಂಟೆಯಲ್ಲಿ ಖಾಲಿಯಾಯಿತು. ಖಾಲಿ ಮಾಡಿದ್ದು ಎಲೆಗಳಲ್ಲ, ಟೇಬಲ್ ಬದಲಿಸಿದ ನನ್ನ ತೀರ್ಮಾನ.

ರೇಕ್ ಬಗ್ಗೆ ಒಂದು ಸಾಲೂ ಇಲ್ಲದ್ದು ಬೇಸರ ತಂದಿತು. ಆಟಗಾರರು ಪಣಕ್ಕಿಟ್ಟ ಒಟ್ಟು ಹಣವಾದ ಪಾಟ್‌ನಿಂದ ಆನ್‌ಲೈನ್ ಪೋಕರ್ ಸೈಟ್ ಮುರಿದುಕೊಳ್ಳುವ ಈ ಕಮಿಷನ್ ಸಣ್ಣ ಸ್ಟೇಕ್‌ನವರಿಗೇ ಹೆಚ್ಚು ಭಾರ. ಅದನ್ನು ಕಳೆದ ಮೇಲೂ ಲಾಭ ಉಳಿಯದವರ ಹಣ 200 ಬೈ-ಇನ್ ಇದ್ದರೂ ಕರಗುತ್ತಲೇ ಹೋಗುತ್ತದೆ. ಹೊಸಬರು ಓದುವ ಲೇಖನವಿದು, ದಯವಿಟ್ಟು ಇದನ್ನೂ ಸೇರಿಸಿ.