ಹೊರಗಡೆ ಹೋಗಿದ್ದಾಳೆ

ಬೆಂಗಳೂರಿನಿಂದ ರಜಕ್ಕೆ ಬಂದಿದ್ದ ಮಗಳು ಸ್ನಾನಕ್ಕೆ ಹೊರಟವಳು ಮೊಬೈಲನ್ನು ನಮ್ಮವ್ವನ ಕೈಗಿಟ್ಟು, ‘ಅಜ್ಜಿ, ಆಫೀಸಿನವರು ಫೋನ್ ಮಾಡಿದ್ರೆ ಹೊರಗಡೆ ಹೋಗಿದ್ದಾಳೆ ಅಂದ್ಬಿಡು’ ಅಂದಳು. ಅವ್ವ ಕೆಂಡ ಮುಟ್ಟಿದವಳ ಹಾಗೆ ಫೋನನ್ನು ದಿಂಬಿನ ಮೇಲೆ ಹಾಕಿ, ‘ಥೂ, ಅದ್ನೆಲ್ಲ ಗಂಡಸ್ರಿಗೆ ಹೇಳ್ತಾರೇನೇ?’ ಎಂದಳು.

ಅವ್ವನದು ಅರಸೀಕೆರೆ ಕಡೆಯ ಹಳ್ಳಿ. ಅಲ್ಲಿ ಹೊರಗಡೆಗೆ ಹೋಗುವುದು ಎಂದರೆ ಚೊಂಬು ಹಿಡಿದು ಬೇಲಿಮರೆಗೆ ಹೋಗುವುದು. ಹೆಂಗಸರು ‘ಹೊರಗಾದರು’ ಎಂದರಂತೂ ಮೂರು ದಿನ ಒಳಗೇ ಬರುವ ಹಾಗಿಲ್ಲ. ಹಾಸನದ ನಮ್ಮ ಮನೆಯಲ್ಲಿ ಶೌಚಾಲಯ ಇರುವುದು ನಡುಮನೆಯಿಂದ ಆರು ಹೆಜ್ಜೆ ಒಳಗೆ. ಆದರೂ ಅವ್ವ ಇಂದಿಗೂ ಹೋಗುವುದು ಹೊರಗಡೆಗೇ. ಹಿಂದಿನ ದಿನವಷ್ಟೇ ಮೊಮ್ಮಗಳು ‘ಭಾನುವಾರ ಬಂತು ಅಂದ್ರೆ ನಾವು ಹೊರಗಡೆನೇ ತಿನ್ನೋದು’ ಎಂದಾಗ ಅವ್ವ ಯಾಕೆ ಮುಖ ಹಿಂಡಿದಳು ಎಂಬುದು ನನಗೆ ಆಗ ಹೊಳೆಯಿತು.

ಇದು ಒಂದೇ ಮನೆಯ ಪಾಡು. ಊರು ಬದಲಾದರಂತೂ ಕೇಳಬೇಡಿ. ನನ್ನ ಮದುವೆಯ ಮಾತುಕತೆ ಮುರಿದುಬೀಳುವುದರಲ್ಲಿತ್ತು. ಹುಡುಗಿಯದು ಮೂಡಿಗೆರೆ ಕಡೆ. ಅವರಪ್ಪ ‘ತೋಟ ಎಷ್ಟು?’ ಅಂತ ಕೇಳಿದರು. ನಮ್ಮಪ್ಪ ಹೆಮ್ಮೆಯಿಂದ, ‘ಮೂರೆಕರೆ, ಇನ್ನೂರು ಮರ ಅವೆ’ ಅಂದರು. ನಮಗೆ ತೋಟ ಅಂದರೆ ತೆಂಗು. ಅವರಿಗೆ ಕಾಫಿ, ಕಾಫಿಯವರ ಲೆಕ್ಕದಲ್ಲಿ ಮರ ಎಂದರೆ ನೆರಳಿಗೆ ನಿಂತದ್ದು, ಫಸಲು ಕೊಡುವುದು ಗಿಡ.

‘ಮರ ಇರ್ಲಿ, ಗಿಡ ಎಷ್ಟಿದಾವೆ?’

‘ಗಿಡನಾ? ಒಂದೂ ಬಿಟ್ಟಿಲ್ಲ. ಆಳಿಟ್ಟು ಬುಡಸಮೇತ ಕೀಳ್ಸಿದೀನಿ’ ಅಂದರು ನಮ್ಮಪ್ಪ, ಕಳೆಯ ಮೇಲೆ ತಮಗಿದ್ದ ಅಷ್ಟೂ ಸಿಟ್ಟಿನಿಂದ.

ಮಾವನವರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅವರ ಮುಖ ನೋಡಿ ನಮ್ಮ ಸೋದರಮಾವ ‘ತೆಂಗಿನ ತೋಟ ಸ್ವಾಮಿ, ತೆಂಗಿಂದು’ ಎಂದು ಕೂಗದೇ ಹೋಗಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆನೋ. ಆಮೇಲೆ ಎಲ್ಲರೂ ಹಗುರಾಗಿ ಊಟಕ್ಕೆ ಕೂತಾಗ ಮಾವನವರು, ‘ಎಷ್ಟೇ ಕೆಲಸ ಇರ್ಲಿ, ಸಂಜೆ ಲೈನಿಗೆ ಒಂದ್ಸಲ ಹೋಗ್ಬರ್ಲಿಲ್ಲ ಅಂದ್ರೆ ನಂಗೆ ಸಮಾಧಾನ ಇಲ್ಲ’ ಅಂದರು. ಲೈನು ಎಂದರೆ ತೋಟದ ಆಳುಗಳ ಸಾಲುಮನೆ. ಕಾಲೇಜು ಹುಡುಗರಾಗಿದ್ದ ನನ್ನ ತಮ್ಮಂದಿರಿಗೆ ಗೊತ್ತಿದ್ದ ಲೈನು ಬೇರೆ. ಅರವತ್ತರ ಮುದುಕರ ಬಾಯಲ್ಲಿ ಅದನ್ನು ಕೇಳಿ ಅವರ ಮಜ್ಜಿಗೆ ನೆತ್ತಿಗೆ ಹತ್ತಿತು.

ಮಹಡಿಯ ಬಾಡಿಗೆ ಮನೆಗೆ ಧಾರವಾಡದವರು ಬಂದ ಮರುದಿನ ಆ ಹೆಣ್ಣುಮಗಳನ್ನು ‘ತಿಂಡಿ ಆಯ್ತೇನಮ್ಮ?’ ಎಂದು ವಿಚಾರಿಸಿ ನಾನೂ ಪೆಟ್ಟು ತಿಂದವನೇ. ಆ ಕಡೆ ತಿಂಡಿ ಎಂದರೆ ತುರಿಕೆ. ಅಂದಿನಿಂದ ನಾನು ‘ನಾಷ್ಟಾ’ ಅನ್ನುತ್ತೇನೆ. ಅವರು ಇಲ್ಲಿನ ರೂಢಿ ಕಲಿತು ‘ತಿಂಡಿ’ ಅನ್ನುತ್ತಾರೆ.

ಕನ್ನಡದ ಬಲು ಹಳೆಯ ಶಾಸನಗಳಲ್ಲೊಂದು, ಸುಮಾರು ಕ್ರಿ.ಶ. 450ರದು, ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯದು. ಅದರಲ್ಲಿ ‘ಬಾಳ್ಗಳ್ಚು’ ಎಂಬ ಮಾತಿದೆ: ಕಾದಿದ ವೀರನ ಕತ್ತಿ ತೊಳೆದು ಕೊಡುವ ದತ್ತಿ. ಬಾಳ್ ಅಂದರೆ ಕತ್ತಿ. ಈಗ ಒಬ್ಬಳಿಗೆ ‘ಬಾಳು ಕೊಟ್ಟ’ ಎಂದರೆ ಮದುವೆಯಾದ ಅಂತ. ಇದನ್ನು ಹೆಂಡತಿಗೆ ಹೇಳಿದೆ. ‘ಅಂಥಾ ವ್ಯತ್ಯಾಸ ಏನಿಲ್ಲ ಬಿಡಿ’ ಅಂದಳು.

ಫೋನಿನ ಕತೆ ಅರ್ಧಕ್ಕೇ ನಿಂತಿತಲ್ಲ. ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿದ್ದೇ ತಡ, ಅದು ಹೊಡೆದುಕೊಂಡಿತು. ಅವ್ವ ಎರಡೂ ಕೈಯಲ್ಲಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ, ‘ಇಲ್ಲ ಕಣಪ್ಪ, ನೀರು ಹುಯ್ಕೊತಾವ್ಳೆ. ಬಟ್ಟೆ ಹಾಕ್ಕೊಂಡು ಬತ್ತಾಳೆ, ತಡಿ’ ಎಂದಳು.

ಬಚ್ಚಲಿನಿಂದಲೇ ಮಗಳು ‘ಅಜ್ಜೀ!’ ಎಂದು ಕಿರುಚಿದಳು.

‘ಮತ್ತೇನು, ಹೊರಗಡೆಗೆ ಹೋಗವ್ಳೆ ಅನ್ಬೇಕಿತ್ತಾ?’ ಅಂದಳು ಅವ್ವ.